ನಲವತ್ತು ಗಂಟೆ ವಿದ್ಯುತ್ತಿಲ್ಲದ ಮನೆ: ಮೈನಸ್ 15ರ ಚಳಿ ಮತ್ತು ಒಡೆದ ಒಂದು ಪೈಪ್

ಕೊರೆಯುವ ಚಳಿಯಲ್ಲಿ ನೀರಿನ ಪೈಪ್ ಹೆಪ್ಪುಗಟ್ಟುವ ಜಾಗ ಒಂದು, ಒಡೆಯುವ ಜಾಗ ಇನ್ನೊಂದು. ನೀರು ಸುರಿಯುವ ಹೊತ್ತು ಇವೆರಡಕ್ಕೂ ಸಂಬಂಧವಿಲ್ಲದ ಬೇರೊಂದು. ಈ ಮೂರನ್ನೂ ಒಂದೇ ಎಂದುಕೊಂಡಿದ್ದರಿಂದ ಒಂದು ಮನೆಗೆ ಏನಾಯಿತು, ಎಲ್ಲೆಲ್ಲಿ ಅದನ್ನು ತಡೆಯಬಹುದಿತ್ತು ಎಂಬುದರ ಬಿಡಿಸಿಟ್ಟ ವಿವರ ಇಲ್ಲಿದೆ. ಮನೆ ಒಂದು ನಿರ್ದಿಷ್ಟ ವಿಳಾಸದ್ದಲ್ಲ. ಹಿಮ ಬೀಳುವ ನಾಡುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾದರಿಯನ್ನು ಲೆಕ್ಕ ಹಾಕಲು ಅನುಕೂಲವಾಗುವಂತೆ ಒಂದೇ ಮನೆಯಾಗಿ ಜೋಡಿಸಿದೆ. ಅಂಕಿಗಳು ಸಾಮಾನ್ಯ ಉಷ್ಣದ ಲೆಕ್ಕದಿಂದ ಬಂದವು.

ಮನೆ ಮತ್ತು ಮನೆಯವರು

ಮರದ ಚೌಕಟ್ಟಿನ ಎರಡಂತಸ್ತಿನ ಮನೆ. ಕೆಳಗೆ ಅಡುಗೆಮನೆ, ನಡುಮನೆ, ಪಕ್ಕದಲ್ಲಿ ಗ್ಯಾರೇಜ್. ಗ್ಯಾರೇಜಿಗೆ ಬಿಸಿ ವ್ಯವಸ್ಥೆ ಇಲ್ಲ, ಅದರ ಸರಿಯಾಗಿ ಮೇಲೆ ಮಹಡಿಯ ಸ್ನಾನದಮನೆ. ಅಲ್ಲಿಗೆ ಹೋಗುವ ತಣ್ಣೀರು ಮತ್ತು ಬಿಸಿನೀರಿನ ತಾಮ್ರದ ಪೈಪುಗಳು, ಎರಡೂ 15 ಮಿ.ಮೀ., ಗ್ಯಾರೇಜಿನ ಸೀಲಿಂಗ್ ಮತ್ತು ಸ್ನಾನದಮನೆಯ ನೆಲದ ನಡುವಿನ ಟೊಳ್ಳಿನಲ್ಲಿ ಹಾದುಹೋಗಿವೆ. ಟೊಳ್ಳಿನಲ್ಲಿ ಗಾಜಿನ ಉಣ್ಣೆಯ ಹೊದಿಕೆ ಇದೆ, ಆದರೆ ಅದನ್ನು ಸ್ನಾನದಮನೆಯ ನೆಲಕ್ಕೆ ಒತ್ತಿ ಕೂರಿಸಿದ್ದಾರೆ. ಪೈಪ್ ಅದರ ಕೆಳಗೆ, ಚಳಿಯ ಕಡೆಗೆ ಉಳಿದುಕೊಂಡಿದೆ. ಹೊರಗೋಡೆ ಆ ನೆಲಕ್ಕೆ ಸೇರುವಲ್ಲಿ ವೈರ್ ಹಾಯಿಸಲು ಕೊರೆದ ತೂತನ್ನು ಯಾರೂ ಮುಚ್ಚಿಲ್ಲ. ಅಗಲ ಹೆಬ್ಬೆರಳಿನಷ್ಟು. ಇಡೀ ಪ್ರಕರಣದ ಮೂಲ ಈ ತೂತು.

ಬಿಸಿಗೆ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಮತ್ತು ಆ ನೀರು ಸುತ್ತುತ್ತ ಕೋಣೆಗಳನ್ನು ಬಿಸಿ ಮಾಡುವ ರೇಡಿಯೇಟರುಗಳು. ಗ್ಯಾಸ್ ಇದ್ದರೂ ಬಾಯ್ಲರಿನ ಪಂಪು, ಫ್ಯಾನು, ಕಂಟ್ರೋಲ್ ಬೋರ್ಡ್ ಎಲ್ಲಕ್ಕೂ ವಿದ್ಯುತ್ ಬೇಕು. ಗ್ಯಾಸ್ ಇದ್ದರೆ ಬಿಸಿಯೂ ಇರುತ್ತದೆ ಎಂದು ನಂಬಿದ ಮನೆಗಳಿಗೆ ಈ ಸಂಗತಿ ತಿಳಿಯುವುದು ಕರೆಂಟ್ ಹೋದ ಮೇಲೆಯೇ. ರೇಡಿಯೇಟರ್ ಸುತ್ತಿನಲ್ಲಿ ಆಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬೆರೆಸಿದ ನೀರಿತ್ತು, ಹಾಗಾಗಿ ಆ ಭಾಗ ಬಚಾವಾಯಿತು. ಮನೆಯಲ್ಲಿ ನಾಲ್ಕು ಜನ: ಗಂಡ, ಹೆಂಡತಿ, ಶಾಲೆಗೆ ಹೋಗುವ ಮಗು, ಎಪ್ಪತ್ತು ದಾಟಿದ ಅಜ್ಜಿ.

ರಾತ್ರಿ 9ಕ್ಕೆ ವಿದ್ಯುತ್ ಹೋಯಿತು. ಹೊರಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್, ಜೊತೆಗೆ ಬಿರುಗಾಳಿ. ಒಳಗೆ 20 ಡಿಗ್ರಿ.

ಮನೆ ಎಷ್ಟು ಬೇಗ ತಣಿಯುತ್ತದೆ

ಇಂಥ ಮನೆಯಲ್ಲಿ ಒಳಗಿನ ಮತ್ತು ಹೊರಗಿನ ತಾಪದ ಅಂತರ ಸುಮಾರು 50 ಗಂಟೆಗೆ ಮೂರನೇ ಒಂದು ಪಾಲಿಗಿಂತ ತುಸು ಮೇಲಕ್ಕೆ ಇಳಿಯುತ್ತದೆ ಎಂದಿಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ: 12 ಗಂಟೆಗೆ ಒಳಗೆ ಸುಮಾರು 12 ಡಿಗ್ರಿ, 24 ಗಂಟೆಗೆ 7, 36 ಗಂಟೆಗೆ 2, 48 ಗಂಟೆಯೊಳಗೆ ಸೊನ್ನೆಗಿಂತ ಕೆಳಗೆ. ಕಲ್ಲು, ಇಟ್ಟಿಗೆಯ ದಪ್ಪ ಗೋಡೆಯ ಮನೆ ಇದಕ್ಕಿಂತ ನಿಧಾನ, ಸಂದುಗೊಂದುಗಳಿರುವ ಹಳೆಯ ಮರದ ಮನೆ ಇನ್ನೂ ಬೇಗ.

ಇದು ನಡುಮನೆಯ ಗೋಡೆಯ ಮೇಲಿನ ಥರ್ಮಾಮೀಟರ್ ಹೇಳುವ ಮಾತು. ಪೈಪ್ ಇರುವುದು ನಡುಮನೆಯಲ್ಲಲ್ಲ. ಒಳಗೆ 15 ಡಿಗ್ರಿ ಇರುವಾಗಲೇ ಗ್ಯಾರೇಜಿನ ಮೇಲಿನ ಟೊಳ್ಳು ಮೈನಸ್ 5ಕ್ಕೆ ಇಳಿದಿರಬಹುದು. ಮನೆಯವರು ನೋಡಿದ್ದು ನಡುಮನೆಯ ಥರ್ಮಾಮೀಟರನ್ನು ಮಾತ್ರ. ಇನ್ನೂ ಹನ್ನೆರಡು ಡಿಗ್ರಿ ಇದೆ, ಭಯವಿಲ್ಲ ಎಂಬ ಧೈರ್ಯ ಹುಟ್ಟಿದ್ದು ಅಲ್ಲಿಂದ.

ಇಲಿನಾಯ್ ವಿಶ್ವವಿದ್ಯಾಲಯದ ಕಟ್ಟಡ ಸಂಶೋಧಕರು, ಬಿಸಿಯಿಲ್ಲದ ಅಟ್ಟದಲ್ಲಿ ಹೊದಿಕೆಯಿಲ್ಲದ ಪೈಪುಗಳನ್ನಿಟ್ಟು ಪರೀಕ್ಷಿಸಿ, ಹೊರಗಿನ ತಾಪ ಸುಮಾರು ಮೈನಸ್ 6.7 ಡಿಗ್ರಿಗೆ ಬಂದಾಗ ಹೆಪ್ಪುಗಟ್ಟುವಿಕೆ ಶುರುವಾಗುತ್ತದೆ ಎಂದು ಕಂಡುಕೊಂಡರು. ಎಚ್ಚರಿಕೆಯ ಗೆರೆಯಾಗಿ ಈ ಅಂಕಿ ಚೆನ್ನಾಗಿದೆ. ಆದರೆ ಗಾಳಿ ನುಗ್ಗುವ ತೂತಿದ್ದರೆ ಅದಕ್ಕೂ ಮೊದಲೇ ಕೆಲಸ ಕೆಡುತ್ತದೆ.

ಗಾಳಿಯ ಪಾತ್ರ ಎಷ್ಟು ದೊಡ್ಡದು ಎಂದು ನೋಡೋಣ. 15 ಮಿ.ಮೀ. ತಾಮ್ರದ ಪೈಪಿನ ಒಂದು ಮೀಟರಿನಲ್ಲಿ ಸುಮಾರು 0.145 ಲೀಟರ್ ನೀರಿರುತ್ತದೆ. ಒಂದು ಕಿಲೋ ನೀರು ಹೆಪ್ಪುಗಟ್ಟಬೇಕಾದರೆ 334 ಕಿಲೋಜೂಲ್ ಶಾಖ ಬಿಟ್ಟುಕೊಡಬೇಕು. ನೀರು 5 ಡಿಗ್ರಿಯಲ್ಲಿ ನಿಂತಿದೆ, ಸುತ್ತಲ ಗಾಳಿ ಮೈನಸ್ 5 ಎಂದುಕೊಳ್ಳಿ. ಗಾಳಿ ಅಲುಗಾಡದಿದ್ದರೆ ಪೂರ್ತಿ ಹೆಪ್ಪುಗಟ್ಟಲು ಆರು ಗಂಟೆಯ ಹತ್ತಿರ ಬೇಕು. ಅದೇ ಪೈಪಿಗೆ ಗಾಳಿ ಬಡಿಯುತ್ತಿದ್ದರೆ ಎರಡೂವರೆ ಗಂಟೆ ಸಾಕು. 13 ಮಿ.ಮೀ. ದಪ್ಪದ ಫೋಮ್ ಹೊದಿಕೆ ಹಾಕಿದ್ದರೆ ಗಾಳಿ ಬೀಸಿದರೂ 13 ಗಂಟೆಯವರೆಗೆ ತಡೆದೀತು. ಅಂದರೆ ಹೊದಿಕೆ ಹೆಪ್ಪುಗಟ್ಟುವುದನ್ನು ತಪ್ಪಿಸುವುದಿಲ್ಲ, ತಡಮಾಡುತ್ತದೆ. ಶಾಖ ಒದಗಿಸುವುದು ಮನೆಯ ಒಳಗಿನ ಬಿಸಿ ಮಾತ್ರ. ಹಾಗಾಗಿ ಹೊದಿಕೆ ಇರಬೇಕಾದದ್ದು ಪೈಪ್ ಮತ್ತು ಚಳಿಯ ನಡುವೆ. ಪೈಪ್ ಮತ್ತು ಬೆಚ್ಚನೆಯ ಕೋಣೆಯ ನಡುವೆ ಹಾಕಿದ ಹೊದಿಕೆ ಪೈಪಿಗೆ ಬರುವ ಶಾಖವನ್ನೇ ಕತ್ತರಿಸುತ್ತದೆ. ಈ ಮನೆಯಲ್ಲಿ ಆದದ್ದು ಅದು.

ಮೊದಲ ರಾತ್ರಿ: ತೊಟ್ಟಿಕ್ಕಿದ ನಲ್ಲಿ ಯಾವುದು

ಮನೆಯವರು ಕೇಳಿದ್ದ ಸಲಹೆಯಂತೆ ಅಡುಗೆಮನೆಯ ಸಿಂಕಿನ ನಲ್ಲಿಯನ್ನು ಸಣ್ಣಗೆ ಬಿಟ್ಟರು. ಸಿಂಕಿನ ಕೆಳಗಿನ ಕಪಾಟಿನ ಬಾಗಿಲುಗಳನ್ನೂ ತೆರೆದಿಟ್ಟರು. ಎರಡೂ ಸರಿಯಾದ ಕೆಲಸವೇ, ಅಡುಗೆಮನೆಯ ಪೈಪಿಗೆ ಏನೂ ಆಗಲಿಲ್ಲ. ಆದರೆ ನಲ್ಲಿ ಬಿಡುವುದರಿಂದ ರಕ್ಷಣೆ ಸಿಗುವುದು ಆ ನಲ್ಲಿಗೆ ನೀರು ತರುವ ಕವಲಿಗಷ್ಟೇ. ಮಹಡಿಯ ಸ್ನಾನದಮನೆಯ ಕವಲಿನಲ್ಲಿ ನೀರು ಕದಲದೆ ನಿಂತಿತ್ತು. ಒಂದೇ ನಲ್ಲಿ ಬಿಡುವುದಾದರೆ ಮನೆಯ ಅತಿ ಚಳಿಯ ಜಾಗದ ಮೂಲಕ ನೀರು ತರುವ ನಲ್ಲಿಯನ್ನು ಬಿಡಬೇಕು. ಮಿಕ್ಸರ್ ನಲ್ಲಿಯಾದರೆ ಹಿಡಿಯನ್ನು ನಡುವಿಗೆ ತಿರುಗಿಸಬೇಕು. ತಣ್ಣೀರಿನ ಪೈಪಿನಷ್ಟೇ ಸುಲಭವಾಗಿ ಬಿಸಿನೀರಿನ ಪೈಪೂ ಹೆಪ್ಪುಗಟ್ಟುತ್ತದೆ, ಏಕೆಂದರೆ ಬಳಸದೆ ನಿಂತ ಬಿಸಿನೀರು ಸ್ವಲ್ಪ ಹೊತ್ತಿಗೆ ತಣ್ಣೀರೇ.

ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂದು ಎಲ್ಲರೂ ಕಾರಣ ಕೊಡುತ್ತಾರೆ. ಅದು ಅರ್ಧ ಸತ್ಯ. ತೊಟ್ಟಿಕ್ಕುವ ನೀರು ತರುವ ಶಾಖ ಅಲ್ಪ. ನಲ್ಲಿ ತೆರೆದಿಡುವುದರ ದೊಡ್ಡ ಲಾಭ ಒತ್ತಡಕ್ಕೆ ದಾರಿ ಸಿಗುವುದು. ಅದನ್ನು ತಿಳಿಯಲು ಪೈಪ್ ಹೇಗೆ ಒಡೆಯುತ್ತದೆಂದು ನೋಡಬೇಕು.

ಒಡೆಯುವುದು ಹೇಗೆ

ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹಿಗ್ಗಿದ ಮಂಜುಗಡ್ಡೆ ಪೈಪನ್ನು ಅಲ್ಲೇ ಸೀಳುತ್ತದೆ ಎಂದುಕೊಳ್ಳುವುದು ಸಹಜ. ಹೆಚ್ಚಿನ ಪ್ರಕರಣಗಳಲ್ಲಿ ಹಾಗಾಗುವುದಿಲ್ಲ. ಮಂಜುಗಡ್ಡೆ ಮೊದಲು ಪೈಪಿನೊಳಗೆ ಬಿರಡೆಯಾಗಿ ಕೂರುತ್ತದೆ. ಆಮೇಲೆ ಉದ್ದಕ್ಕೂ ಬೆಳೆಯುತ್ತ, ಬಿರಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಕೊಂಡ ನೀರನ್ನು ಒತ್ತುತ್ತದೆ. ನೀರು ಕುಗ್ಗುವುದಿಲ್ಲವೆಂದೇ ಹೇಳಬೇಕು.

ಈ ಮನೆಯಲ್ಲಿ ಬಿರಡೆಯಿಂದ ಷವರಿನ ವಾಲ್ವ್‌ವರೆಗೆ 3 ಮೀಟರ್ ಪೈಪಿತ್ತು, ಅದರಲ್ಲಿ 0.44 ಲೀಟರ್ ನೀರು. ಆ ನೀರನ್ನು ಒಂದು ಶೇಕಡಾ ಕುಗ್ಗಿಸಲು ಸುಮಾರು 200 ಬಾರ್ ಒತ್ತಡ ಬೇಕು. ಮನೆಯ ನೀರಿನ ಒತ್ತಡ ಸಾಮಾನ್ಯವಾಗಿ 3–5 ಬಾರ್. ಒಂದು ಶೇಕಡಾ ಎಂದರೆ 4.4 ಮಿ.ಲೀ., ಅಷ್ಟು ಜಾಗ ಒತ್ತಿಕೊಳ್ಳಲು ಹೊಸದಾಗಿ ಹೆಪ್ಪುಗಟ್ಟಬೇಕಾದದ್ದು ಪೈಪಿನ 34 ಸೆಂ.ಮೀ. ಉದ್ದದ ನೀರು ಮಾತ್ರ. ಪೈಪ್ ತಾನೇ ಕೊಂಚ ಹಿಗ್ಗುವುದರಿಂದ ನಿಜವಾದ ಒತ್ತಡ ಇದಕ್ಕಿಂತ ಕಡಿಮೆ. ಆದರೂ ಒಂದು ಎಲ್ಬೋ (ಪೈಪ್ ತಿರುಗುವಲ್ಲಿನ ಬಾಗಿದ ಜೋಡಣೆ) ಅಥವಾ ಬೆಸುಗೆ ಬಿಟ್ಟುಕೊಡಲು ಅದು ಬೇಕಾದಷ್ಟಾಯಿತು. ಬಿರಡೆ ಕೂತದ್ದು ಗ್ಯಾರೇಜಿನ ಅಂಚಿನಲ್ಲಿ, ಗಾಳಿ ನುಗ್ಗುವ ತೂತಿನ ಬಳಿ. ಸೀಳಿದ್ದು ಎರಡು ಮೀಟರ್ ಆಚೆ, ಷವರಿನ ಗೋಡೆಯ ಹಿಂದೆ, ನೀರು ಇನ್ನೂ ದ್ರವವಾಗಿಯೇ ಇದ್ದ ಕಡೆ. ಬೆಳಗಿನ ಜಾವ ಇದು ಸದ್ದಿಲ್ಲದೆ ಮುಗಿದಿತ್ತು. ಬಿರಡೆ ನೀರನ್ನು ತಡೆದು ನಿಲ್ಲಿಸಿದ್ದರಿಂದ ಹೊರಬಂದದ್ದು ಕೆಲವೇ ಹನಿ.

ಷವರಿನ ನಲ್ಲಿ ಒಂದು ಎಳೆಯಷ್ಟು ತೆರೆದಿದ್ದರೂ ಸಿಕ್ಕಿಕೊಂಡ ನೀರಿಗೆ ಹೋಗಲು ದಾರಿ ಇರುತ್ತಿತ್ತು. ಪೈಪ್ ಹೆಪ್ಪುಗಟ್ಟಿದರೂ ಒಡೆಯುವ ಸಂಭವ ಬಹಳ ಕಡಿಮೆಯಾಗುತ್ತಿತ್ತು.

ಜನ ಬೆಚ್ಚಗಿದ್ದದ್ದು

ಮೈ ಬೆಚ್ಚಗಿಡುವ ವಿಷಯದಲ್ಲಿ ಈ ಮನೆಯವರು ಹೆಚ್ಚೂಕಡಿಮೆ ಎಲ್ಲವನ್ನೂ ಸರಿಯಾಗಿ ಮಾಡಿದರು. ಒಂದನ್ನು ಬಿಟ್ಟು. ಅದು ಜೀವಕ್ಕೇ ಕುತ್ತು ತರುವಂಥದ್ದು.

ಇಡೀ ಮನೆಯನ್ನು ಬಿಟ್ಟು ಒಂದೇ ಚಿಕ್ಕ ಕೋಣೆಗೆ ಬಂದರು: ಹೊರಗೋಡೆ ಒಂದೇ, ಕಿಟಕಿ ಒಂದೇ. ಬಾಗಿಲಿಗೆ ದಪ್ಪ ಕಂಬಳಿ ಇಳಿಬಿಟ್ಟು, ಹೊಸ್ತಿಲ ಸಂದಿಗೆ ಸುರುಳಿ ಸುತ್ತಿದ ಟವೆಲ್ ಒತ್ತಿದರು. ಹಗಲು ಬಿಸಿಲು ಬಿದ್ದಾಗ ಪರದೆ ಸರಿಸಿ, ಸಂಜೆಗೆ ಮುಚ್ಚಿದರು. ಹಾಸಿಗೆಯ ಮೇಲೆ ಹೊದೆಯುವಷ್ಟೇ ಗಮನವನ್ನು ಕೆಳಗೆ ಹಾಸುವುದಕ್ಕೂ ಕೊಟ್ಟರು, ತಣ್ಣನೆಯ ನೆಲಕ್ಕೆ ಮೈ ಕಳೆದುಕೊಳ್ಳುವ ಶಾಖ ಸಣ್ಣದಲ್ಲ. ಸುಮ್ಮನೆ ಕೂತ ದೊಡ್ಡವರೊಬ್ಬರ ಮೈಯಿಂದ ಸುಮಾರು 100 ವಾಟ್ ಶಾಖ ಬರುತ್ತದೆ. ನಾಲ್ಕು ಜನ ಸೇರಿದರೆ ಸಣ್ಣ ಹೀಟರಿನಷ್ಟಾಯಿತು. ಹೀಗೆ ಮುಚ್ಚಿದ ಕೋಣೆ ಉಳಿದ ಮನೆಗಿಂತ ಐದಾರು ಡಿಗ್ರಿ ಬೆಚ್ಚಗಿರಬಲ್ಲದು. ಉಣ್ಣೆಯ ಟೋಪಿ, ಸಡಿಲವಾದ ಹಲವು ಪದರದ ಬಟ್ಟೆ, ಒಣ ಕಾಲುಚೀಲ. ಬೆವರಿನಿಂದ ಒದ್ದೆಯಾದದ್ದನ್ನು ತಕ್ಷಣ ಬದಲಿಸಬೇಕು.

ಅಜ್ಜಿಯ ಮೇಲೆ ಪ್ರತ್ಯೇಕ ಕಣ್ಣಿಡಬೇಕಿತ್ತು, ಇಟ್ಟರು. ವಯಸ್ಸಾದವರಿಗೆ ತಮಗೆ ಚಳಿಯಾಗುತ್ತಿರುವುದೇ ತಡವಾಗಿ ತಿಳಿಯುತ್ತದೆ. ದೇಹದ ಒಳತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಮಾತು ತೊದಲುವುದು, ಗುಂಡಿ ಹಾಕಲಾಗದಷ್ಟು ಕೈ ತಡವರಿಸುವುದು, ಮಂಪರು ಮೊದಲ ಗುರುತುಗಳು. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದನ್ನು ಚೇತರಿಕೆ ಎಂದುಕೊಳ್ಳಬಾರದು. ಆಗ ವೈದ್ಯಕೀಯ ನೆರವು ಬೇಕೇ ಬೇಕು. ಬರುವವರೆಗೆ ಒಣ ಬಟ್ಟೆ ಹಾಕಿ ಎದೆ, ಕತ್ತು, ತೊಡೆಸಂದುಗಳನ್ನು ಮೊದಲು ಬೆಚ್ಚಗೆ ಮಾಡಬೇಕು. ಕೈಕಾಲು ತಿಕ್ಕಬಾರದು, ಮದ್ಯ ಕೊಡಬಾರದು. ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿಯೇ ಇಡಬೇಕು.

ಇನ್ನು ತಪ್ಪಿದ್ದು. ಎರಡನೆಯ ಸಂಜೆ ಒಂದು ಪೆಟ್ರೋಲ್ ಜನರೇಟರ್ ತಂದು ಗ್ಯಾರೇಜಿನಲ್ಲಿಟ್ಟು, ಹೊಗೆ ಹೋಗಲೆಂದು ಗ್ಯಾರೇಜಿನ ಬಾಗಿಲನ್ನು ಅರ್ಧ ಎತ್ತಿ ಚಾಲೂ ಮಾಡಿದರು. ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಗುರುತಿಸುವ, ಬ್ಯಾಟರಿಯಿಂದ ನಡೆಯುವ ಅಲಾರಾಂ ಕೂಗಿಕೊಂಡಿತು, ಎಲ್ಲರೂ ಹೊರಗೆ ಬಂದರು. ಅಲಾರಾಂ ಇಲ್ಲದಿದ್ದರೆ ಈ ಪ್ರಕರಣ ಪೈಪಿನದಾಗಿ ಉಳಿಯುತ್ತಿರಲಿಲ್ಲ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಗೊಂದಲ ಜ್ವರದ ಹಾಗೆ ಕಾಣುತ್ತವೆ, ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ. ಅಮೆರಿಕದ ಯುಎಲ್ 2034 ಮಾನದಂಡದ ಅಲಾರಾಂ, ಗಾಳಿಯಲ್ಲಿ ದಶಲಕ್ಷಕ್ಕೆ 400 ಭಾಗ ಇದ್ದರೆ 4ರಿಂದ 15 ನಿಮಿಷದೊಳಗೆ ಕೂಗಬೇಕು. 70 ಭಾಗವಿದ್ದರೆ ಒಂದರಿಂದ ನಾಲ್ಕು ಗಂಟೆ. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲಿ, ಹೊಗೆಕೊಳವೆ ಕಿಟಕಿ ಬಾಗಿಲುಗಳಿಗೆ ಬೆನ್ನು ಮಾಡಿರಬೇಕು. ಬಾಗಿಲು ತೆರೆದ ಗ್ಯಾರೇಜೂ ಮನೆಯೊಳಗೇ ಎಂದು ತಿಳಿಯಬೇಕು. ಜನರೇಟರನ್ನು ಗೋಡೆಯ ಸಾಕೆಟ್‌ಗೆ ಚುಚ್ಚಿ ಮನೆಗೆಲ್ಲ ವಿದ್ಯುತ್ ಕೊಡುವುದೂ ಸಲ್ಲದು, ಹೊರಗಿನ ತಂತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್ ಸಾಯಬಹುದು. ಅದಕ್ಕೆ ಮನೆಯನ್ನು ಹೊರಗಿನ ತಂತಿಯಿಂದ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಬೇಕು. ಕೋಣೆ ಬಿಸಿ ಮಾಡಲು ಗ್ಯಾಸ್ ಒಲೆ ಉರಿಸುವುದು, ಒಳಗೆ ಇದ್ದಿಲು ಹೊತ್ತಿಸುವುದು, ಎರಡೂ ಇದೇ ಅನಿಲದ ದಾರಿಗಳು.

ಎರಡನೆಯ ದಿನ: ತಡವಾಗಿ ಖಾಲಿ ಮಾಡಿದ್ದು

24ನೆಯ ಗಂಟೆಯ ಹೊತ್ತಿಗೆ ಒಳಗೆ 7 ಡಿಗ್ರಿ ಕಂಡು ಮನೆಯವರು ನೀರು ಖಾಲಿ ಮಾಡಲು ತೀರ್ಮಾನಿಸಿದರು. ಇದನ್ನು ಮೊದಲ ರಾತ್ರಿಯೇ ಮಾಡಬೇಕಿತ್ತು. ಹೊರಗೆ ಮೈನಸ್ 7ಕ್ಕಿಂತ ಕೆಳಗಿದ್ದು, ವಿದ್ಯುತ್ ಯಾವಾಗ ಬರುತ್ತದೆಂದು ಗೊತ್ತಿಲ್ಲದಿದ್ದರೆ ನಾಲ್ಕೈದು ಗಂಟೆಗಿಂತ ಹೆಚ್ಚು ಕಾಯಬಾರದು. ಆದರೆ ಮಾಡಿದ ಕ್ರಮ ಸರಿಯಾಗಿತ್ತು, ಬರೆದಿಟ್ಟುಕೊಳ್ಳುವಂತಿದೆ.

ಮೊದಲು ಕುಡಿಯಲು, ಫ್ಲಶ್ ಮಾಡಲು ಬಕೆಟ್ಟುಗಳಲ್ಲಿ ನೀರು ತುಂಬಿಟ್ಟುಕೊಂಡರು. ವಾಟರ್ ಹೀಟರಿನ ಬ್ರೇಕರ್ ಇಳಿಸಿದರು. ಟ್ಯಾಂಕ್ ಖಾಲಿ ಇರುವಾಗ ವಿದ್ಯುತ್ ಬಂದುಬಿಟ್ಟರೆ ಒಳಗಿನ ಕಾಯಿಲ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಆಮೇಲೆ ಇಡೀ ಮನೆಗೆ ನೀರು ಬಿಡುವ ಮೇನ್ ವಾಲ್ವ್ ಮುಚ್ಚಿದರು. ಮಹಡಿಯ ನಲ್ಲಿಗಳನ್ನು ಮೊದಲು ತೆರೆದದ್ದು ಗಾಳಿ ಒಳಗೆ ಬರಲೆಂದು, ನಂತರ ಕೆಳಗಿನವನ್ನು, ಕೊನೆಗೆ ಮನೆಯ ಅತಿ ತಗ್ಗಿನ ನಲ್ಲಿಯನ್ನು. ಗಾಳಿ ಹೋಗದಿದ್ದರೆ ಪೈಪಿನ ನೀರು ಇಳಿಯದೆ ನಿಂತುಬಿಡುತ್ತದೆ. ಫ್ಲಶ್ ಎಳೆದು, ಟ್ಯಾಂಕಿನ ತಳದಲ್ಲಿ ಉಳಿದದ್ದನ್ನು ಸ್ಪಂಜಿನಿಂದ ಹೀರಿ ತೆಗೆದರು. ಸಿಂಕ್, ಬೇಸಿನ್, ಷವರಿನ ಟ್ರ್ಯಾಪುಗಳಿಗೂ (ಕೆಳಗೆ ನೀರು ನಿಲ್ಲುವ ಬಾಗಿದ ಕೊಳವೆಗಳು) ಕಮೋಡಿಗೂ ಅರ್ಧ ಲೀಟರಿನಷ್ಟು ಪ್ಲಂಬಿಂಗ್ ಆಂಟಿಫ್ರೀಜ್ ಸುರಿದರು. ಇದು ಪ್ರೊಪಿಲೀನ್ ಗ್ಲೈಕಾಲ್ ಇರುವಂಥದ್ದೇ ಆಗಿರಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ. ವಾಷಿಂಗ್ ಮೆಷಿನ್ನಿನ ಹೋಸುಗಳನ್ನು ಬಿಚ್ಚಿ ಬರಿದು ಮಾಡಿದರು. 150 ಲೀಟರಿನ ಹೀಟರ್ ಟ್ಯಾಂಕನ್ನು ಮುಟ್ಟಲಿಲ್ಲ: ಅಷ್ಟು ನೀರು ತನ್ನ ಹೊದಿಕೆಯೊಳಗೆ ಹೆಪ್ಪುಗಟ್ಟಲು ದಿನಗಳೇ ಬೇಕು.

ಮಹಡಿಯ ಷವರಿನಿಂದ ಮಾತ್ರ ಒಂದು ತೊಟ್ಟೂ ಬರಲಿಲ್ಲ. ಮೇನ್ ಮುಚ್ಚಿದ್ದಕ್ಕೆ ಹಾಗೆಂದು ಬಿಟ್ಟರು. ನೀರು ಬಾರದಿರುವುದೇ ಬಿರಡೆ ಕೂತಿರುವುದಕ್ಕೆ ಸಾಕ್ಷಿಯಾಗಿತ್ತು. ಅದನ್ನು ತಿಳಿಯಲು ಮೇನ್ ಮುಚ್ಚುವ ಮೊದಲೇ ಪ್ರತಿ ನಲ್ಲಿಯನ್ನೂ ಒಮ್ಮೆ ತಿರುಗಿಸಿ ನೋಡಬೇಕು.

ವಿದ್ಯುತ್ ಬಂದ ಮೇಲೆ

40ನೆಯ ಗಂಟೆಗೆ ವಿದ್ಯುತ್ ಬಂತು. ಬಾಯ್ಲರ್ ಗುಳುಗುಳು ಸದ್ದು ಮಾಡಿ ನಿಂತುಹೋಯಿತು. ಅದು ಹೊಗೆಯಲ್ಲಿನ ಹಬೆಯನ್ನು ನೀರಾಗಿಸುವ ಕಂಡೆನ್ಸಿಂಗ್ ಬಾಯ್ಲರ್, ಆ ನೀರು ಸಣ್ಣಗೆ ಹೊರಹೋಗುವ ಕೊಳವೆ ಗೋಡೆಯಾಚೆ ಹೆಪ್ಪುಗಟ್ಟಿತ್ತು. ಬೆಚ್ಚನೆಯ ನೀರು ಹೊಯ್ದು ಕರಗಿಸಿ, ರೀಸೆಟ್ ಒತ್ತಿದ ಮೇಲೆ ಹೊತ್ತಿಕೊಂಡಿತು. ಕುದಿಯುವ ನೀರು ಹೊಯ್ದರೆ ಪ್ಲಾಸ್ಟಿಕ್ ಕೊಳವೆ ಬಿರುಕು ಬಿಡಬಹುದು, ಕೆಳಗೆ ಬಿದ್ದದ್ದು ಜಾರುವ ಮಂಜಾಗುತ್ತದೆ.

ಆಮೇಲಿನ ಹೆಜ್ಜೆ ಅನಾಹುತಕ್ಕೆ ದಾರಿಯಾಯಿತು. ಮೇನ್ ವಾಲ್ವ್ ಪೂರ್ತಿ ತೆರೆದರು. ಎಲ್ಲ ನಲ್ಲಿಗಳಲ್ಲೂ ನೀರು ಬಂತು, ಷವರಿನಲ್ಲಿ ಇಲ್ಲ. ಮನೆ ಬಿಸಿಯಾದರೆ ತಾನೇ ಕರಗುತ್ತದೆಂದು ಸುಸ್ತಾಗಿ ಮಲಗಿದರು. ಐದು ಗಂಟೆಯ ನಂತರ ಬಿರಡೆ ಕರಗಿತು, ಸೀಳಿದ ಎಲ್ಬೋದಿಂದ ನೀರು ಗೋಡೆಯೊಳಗೆ ಸುರಿಯತೊಡಗಿತು. ನಿಮಿಷಕ್ಕೆ 10 ಲೀಟರ್ ಎಂದರೂ ಗಂಟೆಗೆ 600 ಲೀಟರ್. ಗ್ಯಾರೇಜಿನ ಸೀಲಿಂಗ್ ಉಬ್ಬಿ ಜೋತುಬಿದ್ದದ್ದು ಎದ್ದ ಮೇಲೆ ಕಣ್ಣಿಗೆ ಬಿತ್ತು.

ಕರಗಿಸುವಾಗ ಮೇನ್ ಮುಚ್ಚಿಯೇ ಇರಬೇಕು, ಆ ಕವಲಿನ ನಲ್ಲಿ ತೆರೆದಿರಬೇಕು. ಹೇರ್ ಡ್ರೈಯರ್, ಬಿಸಿನೀರಿನಲ್ಲಿ ಹಿಂಡಿದ ಟವೆಲ್ ಅಥವಾ ಹೀಟಿಂಗ್ ಪ್ಯಾಡಿನಿಂದ ನಲ್ಲಿಯ ಕಡೆಯಿಂದ ಶುರುಮಾಡಿ ಬಿರಡೆಯ ಕಡೆಗೆ ಸಾಗಬೇಕು, ಕರಗಿದ ನೀರಿಗೂ ಹಬೆಗೂ ಹೊರಹೋಗಲು ದಾರಿ ಇರಲೆಂದು. ಬ್ಲೋ ಟಾರ್ಚ್ ಖಂಡಿತ ಬೇಡ: ಮರದ ಚೌಕಟ್ಟು ಹೊತ್ತಿಕೊಳ್ಳುತ್ತದೆ, ಬೆಸುಗೆ ಕರಗುತ್ತದೆ, ಎರಡು ಬಿರಡೆಗಳ ನಡುವೆ ನೀರು ಕುದ್ದರೆ ಪೈಪ್ ಸಿಡಿಯುತ್ತದೆ. ಕರಗಿದ ಮೇಲೆ ಮೇನನ್ನು ಕಾಲು ಭಾಗ ತೆರೆದು, ಒಬ್ಬರು ವಾಲ್ವ್ ಬಳಿ, ಇನ್ನೊಬ್ಬರು ಪೈಪ್ ಹಾದಿಯುದ್ದಕ್ಕೂ ಕಿವಿಗೊಟ್ಟು ನಿಂತು ಪರೀಕ್ಷಿಸಬೇಕು. ಹೆಪ್ಪುಗಟ್ಟಿದ ಕವಲು ಇನ್ನೂ ಬಾಕಿ ಇರುವಾಗ ಮೇನ್ ತೆರೆದು ಮನೆ ಬಿಟ್ಟುಹೋಗುವುದು, ಮಲಗುವುದು ಕೂಡದು.

ಒಡೆದದ್ದು ಕಂಡಾಗ ಮನೆಯವರು ಮೇನ್ ಮುಚ್ಚಿ, ಒಣ ಜಾಗದಲ್ಲಿ ನಿಂತೇ ಗ್ಯಾರೇಜಿನ ಬ್ರೇಕರ್ ಇಳಿಸಿ, ಉಬ್ಬಿದ ಸೀಲಿಂಗಿಗೆ ಸ್ಕ್ರೂಡ್ರೈವರಿನಿಂದ ಸಣ್ಣ ತೂತು ಮಾಡಿ ಬಕೆಟ್ಟಿಗೆ ನೀರಿಳಿಸಿದರು. ಅದು ಒಮ್ಮೆಲೇ ಕುಸಿದಿದ್ದರೆ ಕೆಳಗಿದ್ದವರಿಗೆ ಪೆಟ್ಟಾಗುತ್ತಿತ್ತು. ಒದ್ದೆಯಾದ ಉಣ್ಣೆಯ ಹೊದಿಕೆಯನ್ನು ಕಿತ್ತುಹಾಕಿ, ಗೋಡೆಯ ತಳ ಬಿಚ್ಚಿ, ಫ್ಯಾನ್ ಹಚ್ಚಿದರು. 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ. ಕಿತ್ತುಹಾಕುವ ಮೊದಲು ಎಲ್ಲದರ ಫೋಟೋ ತೆಗೆದದ್ದು ವಿಮೆಯ ಕೆಲಸಕ್ಕೆ ಬಂತು.

ದುರಸ್ತಿ

ಒಡೆದ ಎಲ್ಬೋ ಬದಲಿಸುವುದು ಒಂದು ಗಂಟೆಯ ಕೆಲಸ. ಪಕ್ಕದ ಪೈಪ್ ಕೂಡ ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿ, ಉಬ್ಬಿದಷ್ಟನ್ನೂ ಕತ್ತರಿಸಬೇಕು. ತಾಮ್ರದ ಬದಲು ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪ್ ಹಾಕಿದರೆ ಪೈಪ್ ತುಸು ಹಿಗ್ಗಿ ತಡೆದುಕೊಳ್ಳುತ್ತದೆ, ಆದರೆ ಅದರ ಕೂಡುಭಾಗಗಳು ಒಡೆಯಬಲ್ಲವು.

ವೈರಿನ ತೂತಿಗೂ ಅಂಚಿನ ಸಂದುಗಳಿಗೂ ಫೋಮ್ ಸೀಲೆಂಟ್ ಹೊಡೆದರು. ಇಡೀ ದುರಸ್ತಿಯಲ್ಲಿ ಅತಿ ಅಗ್ಗದ್ದು, ಅತಿ ಮುಖ್ಯವಾದದ್ದು ಇದೇ. ಹೊದಿಕೆಯನ್ನು ಪೈಪಿನ ಕೆಳಕ್ಕೆ, ಗ್ಯಾರೇಜಿನ ಕಡೆಗೆ ಇಳಿಸಿ, ಪೈಪ್ ಮತ್ತು ಸ್ನಾನದಮನೆಯ ನೆಲದ ನಡುವೆ ಏನೂ ಇಲ್ಲದಂತೆ ಮಾಡಿದರು. ಪೈಪಿಗೆ 13 ಮಿ.ಮೀ. ಫೋಮ್ ತೊಡಿಸಿ ಕೂಡುಗಳಿಗೆ ಟೇಪ್ ಸುತ್ತಿದರು. ಬಾಯ್ಲರಿನ ಹೊರಕೊಳವೆಯನ್ನು 21.5 ಮಿ.ಮೀ.ನಿಂದ 32 ಮಿ.ಮೀ.ಗೆ ಬದಲಿಸಿ ಹೊದಿಕೆ ಹಾಕಿದರು. ತೋಟದ ನಲ್ಲಿಯಿಂದ ಹೋಸನ್ನು ಚಳಿಗಾಲದ ಮೊದಲೇ ಬಿಚ್ಚುವುದು ರೂಢಿಯಾಯಿತು: ಹೆಪ್ಪುಗಟ್ಟದಂತೆ ಮಾಡಿದ ಉದ್ದ ಕಾಂಡದ ನಲ್ಲಿಯೂ ಹೋಸ್ ತಗುಲಿಸಿದ್ದರೆ ಬರಿದಾಗದೆ ಒಡೆಯುತ್ತದೆ.

ಪೈಪಿಗೆ ಸುತ್ತುವ ವಿದ್ಯುತ್ ಹೀಟಿಂಗ್ ಕೇಬಲ್ಲನ್ನೂ ಪರಿಶೀಲಿಸಿ ಕೈಬಿಟ್ಟರು. ಮಾಮೂಲಿ ಚಳಿಗೆ ಅದು ಒಳ್ಳೆಯದು, ವಿದ್ಯುತ್ ಹೋದ ರಾತ್ರಿ ಮಾತ್ರ ಸತ್ತ ತಂತಿ. ಅದರ ಬದಲು ಸ್ನಾನದಮನೆಯ ಕವಲು ಶುರುವಾಗುವಲ್ಲಿ, ಬೆಚ್ಚನೆಯ ಬದಿಯಲ್ಲಿ, ತಣ್ಣೀರಿಗೊಂದು ಬಿಸಿನೀರಿಗೊಂದು ಬಾಲ್ ವಾಲ್ವ್ ಹಾಕಿಸಿ, ಅವುಗಳ ಪಕ್ಕ ತಗ್ಗಿನಲ್ಲಿ ಡ್ರೇನ್ ನಲ್ಲಿ ಇಡಿಸಿದರು. ಪೈಪನ್ನು ಆ ಕಡೆಗೆ ಮೀಟರಿಗೆ 5 ಮಿ.ಮೀ. ಇಳಿಜಾರು ಮಾಡಿದ್ದಾರೆ. ವಿದ್ಯುತ್ ಹೋದ ರಾತ್ರಿ ಎರಡು ವಾಲ್ವ್ ಮುಚ್ಚಿ, ಷವರನ್ನೂ ಮೇಲಿನ ಬೇಸಿನ್ನಿನ ನಲ್ಲಿಯನ್ನೂ ತೆರೆದು, ಡ್ರೇನ್ ಕೆಳಗೆ ಬಕೆಟ್ ಇಟ್ಟರೆ ಐದು ನಿಮಿಷದಲ್ಲಿ ಆ ಕವಲು ಬರಿದಾಗುತ್ತದೆ, ಮನೆಯ ಉಳಿದ ಭಾಗಕ್ಕೆ ನೀರು ಇದ್ದೇ ಇರುತ್ತದೆ.